ಕಿಟಕಿಯ ಅಧಿಕಾರ

ಭೂದಾಖಲೆ ಕಚೇರಿಯ ಹೆಡ್ ಗುಮಾಸ್ತರಿಗೆ ಆ ಬೆಳಿಗ್ಗೆ ಸ್ವರ್ಗಕ್ಕೆ ಮೂರೇ ಗೇಣು. ರಾಜಧಾನಿಯಿಂದ ಆದೇಶ ಬಂದಿತ್ತು: ಇನ್ನು ಮುಂದೆ ಕಚೇರಿಯ ಕಿಟಕಿ ತೆರೆಯುವ, ಮುಚ್ಚುವ ತೀರ್ಮಾನ ಆಯಾ ಊರಿನವರದೇ.

ಅಲ್ಲಿಯವರೆಗೆ ದೇಶದ ಸರ್ಕಾರಿ ಕಿಟಕಿಗಳಿಗೆಲ್ಲ ಬೀಗ. ರಾಜಧಾನಿಯಲ್ಲಿ ಚಳಿ ಬಿಟ್ಟ ಮೇಲಷ್ಟೇ ತೆರೆಯುವ ಅಪ್ಪಣೆ ಬರುತ್ತಿತ್ತು. ಅಲ್ಲಿ ಮಂಜು ಬೀಳುವಾಗ ಇಲ್ಲಿ ತಗಡಿನ ಸೂರಿನಡಿ ಗುಮಾಸ್ತರು ಬೇಯುತ್ತಿದ್ದರು. ಬೆವರುಸಾಲೆ ತಾಳಲಾರದೆ ಎಮ್ಮೆಯ ಹಾಗೆ ಗೋಡೆಗೆ ಬೆನ್ನುಜ್ಜುತ್ತಿದ್ದರು. "ಯಾರಿಗೆ ತಾಗುತ್ತೋ ಅವರದೇ ತೀರ್ಮಾನ!" ಎಂದು ಊರೆಲ್ಲ ಭಾಷಣ ಬಿಗಿದಿದ್ದರು, ಅರ್ಜಿಯ ಮೇಲೆ ಅರ್ಜಿ ಗುಜರಾಯಿಸಿದ್ದರು. ಹಿಡಿದ ಹಠ ಬಿಡುವ ಆಸಾಮಿಯೇ ಅಲ್ಲ.

"ಸಾರ್, ಬೀಗದ ಕೈ ಕೊಡಿ."

ಸಾಹೇಬರು ಮೀನಮೇಷ ಎಣಿಸಿದರು. "ತಡೀರಿ. ಊರಿನವರು ಅಂದ್ರೆ ನಾನು ತಾನೇ? ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೇ ಬರುತ್ತೆ."

"ನಿಮ್ಮ ಕೋಣೇಲಿ ಫ್ಯಾನಿದೆ ಸಾರ್. ನಮ್ಮ ಸೆಕೆ ರಾಜಧಾನಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅಧಿಕಾರ ಇನ್ನೂ ಕೆಳಗಿಳೀಬೇಕು. ಕಿಟಕಿ ಪಕ್ಕ ಕೂತವನಿಗೆ ಬರ್ಬೇಕು."

ಜವಾಬ್ದಾರಿ ತಪ್ಪಿದರೆ ಸಾಕೆಂದು ಸಾಹೇಬರು ಬೀಗದ ಕೈ ಎಸೆದೇಬಿಟ್ಟರು.

ಕಿಟಕಿ ತೆರೆಯಿತು. ತಣ್ಣನೆಯ ಗಾಳಿ ಬೆನ್ನಿಗೆ ಬಡಿದಾಗ ಗುಮಾಸ್ತರ ಕಣ್ಣಲ್ಲಿ ನೀರೇ ಬಂತು. ಅಷ್ಟರಲ್ಲಿ ಟೈಪಿಸ್ಟ್ ಅಕ್ಕನ ಕಾಗದಗಳು ಹಾರಿ ಸೂರಿಗೇರಿದವು. ಸದಾ ನೆಗಡಿಯ ಸ್ಟೋರ್ ಕೀಪರ್ ಸೀನತೊಡಗಿದರು.

"ಕಿಟಕಿ ನಿಮ್ದೇ ಇರಲಿ. ನನ್ನ ಮೇಜಿನ ಮೇಲಿನ ಗಾಳಿ ನಂದಲ್ವಾ?" ಎಂದು ಅಕ್ಕ ಸೊಂಟಕ್ಕೆ ಕೈಯಿಟ್ಟರು.

ಗುಮಾಸ್ತರು ಸೋಲಲಿಲ್ಲ. ಅಂಗಳಕ್ಕೆ ಓಡಿ ಕಲ್ಲು ಹೊತ್ತು ತಂದು ಕಾಗದಗಳ ಮೇಲೆ ಹೇರಿದರು. ತಮ್ಮ ಟವೆಲನ್ನೇ ಸ್ಟೋರ್ ಕೀಪರರ ಕಿವಿಗೆ ಸುತ್ತಿದರು. ಉಸ್ಸೆಂದು ಕೂರುವಷ್ಟರಲ್ಲಿ ಹಿಂದಿನ ಗಲ್ಲಿಯಿಂದ ಕೂಗು ಬಂತು.

"ಮುಚ್ರೀ ಕಿಟಕಿ!"

ಗಲ್ಲಿ ಸಮಿತಿಯ ಅಧ್ಯಕ್ಷನಾದ ದರ್ಜಿ, ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಬಂದಿದ್ದ. "ನಮಗೂ ಇವತ್ತೇ ಆದೇಶ ಬಂದಿದೆ. ಗಲ್ಲಿಗೆ ಚಾಚೋ ಕದಗಳೆಲ್ಲ ನಮ್ಮ ಅಧೀನ. ಸಂಜೆ ಸಭೆ ಸೇರೋ ತನಕ ಮುಚ್ಚಿರಲಿ." ಹೇಳಿದವನೇ ಹೊರಗಿನಿಂದ ಕದ ದೂಡಿ ತಂತಿ ಬಿಗಿದ.

ಸಭೆಗಳ ಹಣೆಬರಹ ಗುಮಾಸ್ತರಿಗೆ ಗೊತ್ತಿಲ್ಲವೇ? ಇಷ್ಟು ವರ್ಷ ಶಪಿಸಿದ್ದ ರಾಜಧಾನಿಗೇ ಫೋನು ಮಾಡಿದರು. "ಸ್ವಾಮೀ, ಈ ಗಲ್ಲಿಯವರಿಗೆ ನೀವೊಂದು ಮಾತು ಹೇಳಿ."

"ಅದೀಗ ನಮ್ಮ ಕೈಲಿಲ್ಲ," ಎಂದು ಆ ಕಡೆಯವರು ಫೋನಿಟ್ಟರು. ರಾಜಧಾನಿ ಯಾವ ವಿಷಯಕ್ಕಾದರೂ ತಕ್ಷಣ ಉತ್ತರ ಕೊಟ್ಟದ್ದು ಅದೇ ಮೊದಲು.

"ಇನ್ನು ಬಿಟ್ಬಿಡಿ ಗುಮಾಸ್ತರೇ," ಎಂದರು ಅಕ್ಕ.

"ಬಿಡೋದಾ? ಅಧಿಕಾರ ಇನ್ನೂ ಕೆಳಗಿಳೀಬೇಕು ಅಕ್ಕ."

"ಗಲ್ಲಿಗಿಂತ ಕೆಳಗೆ ಚರಂಡಿ ಒಂದೇ ಇರೋದು."

"ಮನೆಯಿಲ್ವಾ? ಆ ದರ್ಜಿ ಗಲ್ಲಿಗೆಲ್ಲ ಹುಲಿ, ಹೆಂಡತಿ ಮುಂದೆ ಇಲಿ!"

ಗುಮಾಸ್ತರು ನೇರವಾಗಿ ದರ್ಜಿಯ ಮನೆಗೆ ನುಗ್ಗಿದರು. ದರ್ಜಿಯ ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು.

"ನೋಡು ತಂಗಿ, ಆ ಕಿಟಕಿ ಇರೋದು ನಿಮ್ಮ ಮನೆ ಎದುರಿಗೆ. ತಾಗೋದು ನಿನಗೆ. ಸಮಿತಿ ಯಾಕೆ, ಸಭೆ ಯಾಕೆ? ನೀನು ಹೇಳಿದ್ದೇ ಕೊನೇ ಮಾತು."

ಆಕೆ ಕೈ ಒರೆಸಿಕೊಂಡು ಎದ್ದಳು. "ನಿಜವಾಗ್ಲೂ ಅಣ್ಣಾ? ಆಮೇಲೆ ಯಾರೂ ಬದಲಾಯಿಸೋ ಹಾಗಿಲ್ವಾ?"

"ರಾಜಧಾನಿಯೇ ನಡೆದು ಬಂದ್ರೂ ಆಗಲ್ಲ."

"ಹಾಗಾದ್ರೆ ಮುಚ್ಚೇ ಇರಲಿ. ಅದು ತೆರೆದ್ರೆ ನಮ್ಮ ಬಚ್ಚಲು ನಿಮ್ಮ ಇಡೀ ಕಚೇರಿಗೆ ಕಾಣುತ್ತೆ. ಎಷ್ಟು ಬಡ್ಕೊಂಡ್ರೂ ಇವರು ಕೇಳ್ಲಿಲ್ಲ. 'ಗುಮಾಸ್ತರು ಪಾಪ, ಸಮಿತಿಯವರೆಲ್ಲ ಆಗ್ಲೇ ತೆರೆಯೋಕೆ ಒಪ್ಪಿದ್ದಾರೆ, ಸಂಜೆ ಸಭೆ ಮುಗಿದ ತಕ್ಷಣ ತಂತಿ ಬಿಚ್ತೀನಿ' ಅಂತಿದ್ರು. ಸಮಯಕ್ಕೆ ಸರಿಯಾಗಿ ಬಂದ್ರಿ."

ಗುಮಾಸ್ತರು ಮೆಲ್ಲಗೆ ಬಾಗಿಲ ಕಡೆ ಸರಿದರು.

ಅಷ್ಟರಲ್ಲಿ ದರ್ಜಿ ಹಿತ್ತಲಿಗೆ ಬಂದ. ಆಕೆ ಗಂಡನನ್ನು ಎಳೆದು ತಂದು ಎದುರಿಗೆ ನಿಲ್ಲಿಸಿದಳು. "ಅಣ್ಣಾ, ಈಗ ಹೇಳಿದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳಿ. ಇವರೂ ಕೇಳಲಿ."

ಗುಮಾಸ್ತರು ಆಡಿದ ಮಾತಿಗೆ ತಪ್ಪುವವರಲ್ಲ. ಹೇಳಿದರು.