ಫ್ರಿಜ್ ಮೇಸ್ತ್ರಿ ಸೃಷ್ಟಿಸಿದ ನಿರ್ವಾತ

ಫ್ರಿಜ್ ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಕೋಪ. ಕಂಡವರ ಫ್ರಿಜ್ಜುಗಳನ್ನೆಲ್ಲ ತಣ್ಣಗೆ ಮಾಡಿ ಬರುವ ಈ ಮಹಾನುಭಾವ ಸ್ವಂತ ಮನೆಯ ಹೊಸ್ತಿಲು ದಾಟಿದೊಡನೆ ಕುದಿಯತೊಡಗುತ್ತಿದ್ದ. ಮನೆಯಲ್ಲಿ ಕೈಯಿರುವ ಕುರ್ಚಿ ಇದ್ದದ್ದು ಒಂದೇ. ಟೀವಿಗೆ ಎದುರಾಗಿ, ಫ್ಯಾನಿನ ಕೆಳಗೆ ವಿರಾಜಮಾನವಾಗಿದ್ದ ಆ ಸಿಂಹಾಸನದಲ್ಲಿ ಕೂತು ಅವನು ಗುಡುಗಿದರೆ ಸಂಸಾರ ನಡುಗಬೇಕು. (ನಡುಗುತ್ತಿರಲಿಲ್ಲ. ಹೆಂಡತಿ ಟೀವಿಯ ಸದ್ದು ಜಾಸ್ತಿ ಮಾಡುತ್ತಿದ್ದಳು.)

ಅವತ್ತು ಮಗಳು ಪದಗಳ ಹುಟ್ಟಿನ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. "ವ್ಯಾಕ್ಯೂಮ್..." ಎಂದದ್ದೇ ತಡ, ಮೇಸ್ತ್ರಿಯ ಕಿವಿ ನಿಮಿರಿತು.

"ಏಯ್, ಅದು ನನ್ನ ಪದ! ಗ್ಯಾಸ್ ತುಂಬೋ ಮೊದ್ಲು ಪಂಪು ಹಾಕಿ ಪೈಪಲ್ಲಿರೋ ಗಾಳೀನೆಲ್ಲ ಎಳೆದುಹಾಕ್ತೀನಲ್ಲ, ಅದು ವ್ಯಾಕ್ಯೂಮ್. ನಿನ್ನ ಪುಸ್ತಕಕ್ಕೇನು ಗೊತ್ತು?"

"ನಿನ್ನದಲ್ಲಪ್ಪಾ, ಲ್ಯಾಟಿನ್ ಭಾಷೇದು. ಖಾಲಿ ಅಂತ ಅರ್ಥ. ಖಾಲಿ ಮನೆಗೆ ವೇಕೆಂಟ್ ಅಂತೀವಲ್ಲ, ರಜಕ್ಕೆ ವೆಕೇಶನ್ ಅಂತೀವಲ್ಲ, ಎಲ್ಲಾ ಒಂದೇ ತಾಯಿ ಮಕ್ಕಳು. ಕನ್ನಡದಲ್ಲಿ ನಿರ್ವಾತ. ದೊಡ್ಡೋರು ಹೋದ್ರೆ ಪೇಪರಲ್ಲಿ ಬರೀತಾರಲ್ಲ, 'ನಿರ್ವಾತ ಸೃಷ್ಟಿಯಾಗಿದೆ' ಅಂತ."

ಈ ಕೊನೆಯ ಅರ್ಥ ಮೇಸ್ತ್ರಿಯ ಎದೆಗೆ ನಾಟಿತು. ಅವನು ಕುರ್ಚಿಯ ಕೈ ಗುದ್ದಿದ. "ನಾನು ಹೋದ್ರೆ ಈ ಮನೇಲೂ ನಿರ್ವಾತ ಸೃಷ್ಟಿಯಾಗುತ್ತೆ, ತಿಳ್ಕೊಳ್ಳಿ!"

"ಹೋಗೋದಾದ್ರೆ ನಿಮ್ಮ ಪಂಪೂ ತಗೊಂಡು ಹೋಗಿ," ಎಂದಳು ಹೆಂಡತಿ ಅಡುಗೆಮನೆಯಿಂದ. "ಕಟ್ಟೆ ಮೇಲೆಲ್ಲ ಎಣ್ಣೆ ಸುರಿಸಿದೆ, ದರಿದ್ರ!"

ಪಂಪಿಗೆ ಬೈದರೆ ಸುಮ್ಮನಿರಲಾದೀತೇ? ಮೇಸ್ತ್ರಿ ಎರಡು ಅಂಗಿ ಚೀಲಕ್ಕೆ ತುರುಕಿದ, ಪಂಪನ್ನು ಹೆಗಲಿಗೇರಿಸಿದ, ಬಾಗಿಲನ್ನು ಗೋಡೆಗೆ ಬಡಿಯುವಂತೆ ಒದ್ದು ತೆರೆದ. "ಖಾಲಿ ಕುರ್ಚಿ ನೋಡಿ ಅಳಿ! ಬೇಡಿಕೊಂಡು ಕರೆಯೋವರೆಗೂ ಬರಲ್ಲ!"

ತಂಗಿಯ ಮನೆಯಲ್ಲಿ ಫೋನನ್ನು ಅಂಗೈಯಲ್ಲಿಟ್ಟುಕೊಂಡೇ ಕೂತ. ಅದು ಬಡಿದುಕೊಳ್ಳಲಿಲ್ಲ. ಕೆಟ್ಟಿರಬೇಕೆಂದು ಭಾವನ ಫೋನಿನಿಂದ ತನಗೆ ತಾನೇ ಕರೆ ಮಾಡಿ ನೋಡಿದ. ಚೆನ್ನಾಗಿಯೇ ಇತ್ತು, ಹಾಳಾದ್ದು. ಅಷ್ಟರಲ್ಲಿ ತಂಗಿ, "ಅಣ್ಣಾ, ಹೇಗೂ ಬಂದಿದ್ದೀಯ, ನಮ್ಮ ಫ್ರಿಜ್ ಸ್ವಲ್ಪ ನೋಡು" ಎಂದಳು. ನೋಡಿದ. ಫ್ರಿಜ್ ತಣ್ಣಗಾದ ಮೇಲೆ ತಂಗಿಯ ಆದರವೂ ತಣ್ಣಗಾಯಿತು. "ಅತ್ತಿಗೆ ಪಾಪ, ಕಾಯ್ತಿರ್ತಾಳೆ" ಎಂದು ಅವನ ಚೀಲವನ್ನು ತಾನೇ ತಂದು ಬಾಗಿಲಲ್ಲಿಟ್ಟಳು.

ಪಾಪದ ಹೆಂಡತಿಯನ್ನು ಕ್ಷಮಿಸಲು ಮೇಸ್ತ್ರಿ ದೊಡ್ಡ ಮನಸ್ಸು ಮಾಡಿ ಮನೆಗೆ ಬಂದ. ಒಳಗೆ ಕಾಲಿಟ್ಟವನು ಅಲ್ಲೇ ಕಂಬವಾದ.

ಕೈಯಿರುವ ಕುರ್ಚಿಯಲ್ಲಿ ಮಾವ! ಕಾಲು ಚಾಚಿ, ರಿಮೋಟು ಹಿಡಿದು, ಹೆಗಲ ಮೇಲೆ ಮೇಸ್ತ್ರಿಯದೇ ಟವೆಲು. ಅವನ ಅಂಗಿಯ ಮೊಳೆಗೆ ಮಾವನ ಕೊಡೆ. ಆಚೆ ಅಡುಗೆಕಟ್ಟೆಯಲ್ಲಿ, ಪಂಪಿನ ಜಾಗದಲ್ಲಿ ಥಳಥಳಿಸುವ ಮಿಕ್ಸಿ.

"ಬನ್ನಿ ಅಳಿಯಂದಿರೇ, ಸಂಕೋಚ ಬೇಡ, ಕೂತ್ಕೊಳ್ಳಿ," ಎಂದು ಮಾವ ಮೂಲೆಯ ಮೋಟು ಸ್ಟೂಲು ತೋರಿಸಿದರು.

ಮೇಸ್ತ್ರಿ ಅಡುಗೆಮನೆಗೆ ನುಗ್ಗಿದ. "ಇವರು ಯಾವಾಗ ವಕ್ಕರಿಸಿದ್ದು?"

"ನೀವು ಹೋದ ಹಿಂದೇನೇ. ಈ ಕಡೆ ಬಂದಿದ್ರಂತೆ. ಬಾಗಿಲು ಹಾರು ಹೊಡೆದಿತ್ತು, ಕುರ್ಚಿ ಖಾಲಿ ಇತ್ತು, ಬಂದು ಕೂತ್ರು."

"ಹೋಗೋದು ಯಾವಾಗ?"

"ಹೆತ್ತ ಅಪ್ಪನ್ನ ಹಾಗೆಲ್ಲ ಕೇಳಕ್ಕಾಗುತ್ತೇನ್ರೀ?"

ಮಗಳು ಪುಸ್ತಕದಿಂದ ತಲೆಯೆತ್ತದೆ ಹೇಳಿದಳು: "ಅಪ್ಪಾ, ನಿರ್ವಾತ ಆದ ಕಡೆ ಪಕ್ಕದಲ್ಲಿದ್ದದ್ದು ನುಗ್ಗುತ್ತಂತೆ."

ಇದನ್ನು ಮೇಸ್ತ್ರಿಗೆ ಹೇಳಿಕೊಡಬೇಕೇ? ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟ ಕೆಲಸದ ಹುಡುಗರ ಜನ್ಮ ಜಾಲಾಡುತ್ತಿದ್ದವನು ಅವನೇ. ಈಗ ಬೈಯೋಣವೆಂದರೆ ಇಡೀ ಬಾಗಿಲನ್ನೇ ತೆರೆದಿಟ್ಟು ಹೋದವನೂ ಅವನೇ.

ಸ್ಟೂಲಿನ ಮೇಲೆ ಕೂತು, ಎದೆ ಉಬ್ಬಿಸಿ, ಗುಡುಗಲು ಬಾಯಿ ತೆರೆದ.

ಮಾವ ಟೀವಿಯ ಸದ್ದು ಜಾಸ್ತಿ ಮಾಡಿದರು.

"ಮುಂದಿನ ಸಲ ಹೋಗುವಾಗ," ಎಂದರು, ಪರದೆಯಿಂದ ಕಣ್ಣು ಕೀಳದೆ, "ಬಾಗಿಲು ಹಾಕ್ಕೊಂಡು ಹೋಗಿ ಅಳಿಯಂದಿರೇ. ಗಾಳಿ ನುಗ್ಗುತ್ತೆ."