ಮೈಕಮ್ಮನ ಹಲ್ಲಿನ ಸರ್ವೆ

ಮನುಷ್ಯನ ದೇಹದ ಬಲಭಾಗ ಸರ್ಕಾರಕ್ಕೆ ಸೇರಿದ್ದು, ಎಡಭಾಗ ವಿಮಾ ಕಂಪನಿಗೆ ಸೇರಿದ್ದು. ಇದು ಈಗ ಎಲ್ಲರಿಗೂ ಗೊತ್ತಿರುವ ವಿಷಯ.

ಹಿಂದೆ ಹೀಗಿರಲಿಲ್ಲ. ಎಲ್ಲರ ಕಾಯಿಲೆಯನ್ನೂ ಸರ್ಕಾರವೇ ನೋಡಿಕೊಳ್ಳಬೇಕು ಎಂದು ಅರ್ಧ ಶಾಸನಸಭೆ ವಾದಿಸುತ್ತಿತ್ತು. ಸರ್ಕಾರ ಕೈಯಿಟ್ಟ ಕಡೆ ಹುಲ್ಲೂ ಹುಟ್ಟುವುದಿಲ್ಲ, ಕಂಪನಿಗೇ ಬಿಡಿ ಎಂದು ಉಳಿದರ್ಧ ಕೂಗುತ್ತಿತ್ತು. ವಾದ ಎಷ್ಟು ಕಾಲ ನಡೆಯಿತೆಂದರೆ, ಶುರು ಮಾಡಿದವರಲ್ಲಿ ಹಲವರು ನಡುವೆಯೇ ಕಾಯಿಲೆ ಬಿದ್ದು ತೀರಿಕೊಂಡರು. ಕೊನೆಗೆ ಒಬ್ಬ ಹಿರಿಯರು ಎದ್ದು, ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವ ಹಾಗೆ ದೇಹವನ್ನೇ ಪಾಲು ಮಾಡಿಕೊಳ್ಳಿ ಎಂದರು. ಹಾಗೇ ಆಯಿತು. ಯಕೃತ್ತು ಸರ್ಕಾರಕ್ಕೆ ಬಂತು, ಹೃದಯ ಕಂಪನಿಗೆ ಹೋಯಿತು. ಕಂಪನಿಗೂ ಕೊನೆಗೊಂದು ಹೃದಯ ಸಿಕ್ಕಿತಲ್ಲ ಎಂದು ಜನ ಚಪ್ಪಾಳೆ ತಟ್ಟಿದರು.

ನಟ್ಟನಡುವೆ ಇರುವುದು ಯಾರ ಪಾಲು ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳುವ ಹೊತ್ತು ಬಂದದ್ದು ಬಸ್ ನಿಲ್ದಾಣದಲ್ಲಿ ಬಸ್ಸುಗಳನ್ನು ಕೂಗುವ ಹೆಂಗಸಿನ ಬಾಯಲ್ಲಿ. ಅವಳನ್ನು ಊರೆಲ್ಲ ಮೈಕಮ್ಮ ಎನ್ನುತ್ತಿತ್ತು. ಅವಳ ಮೇಲಿನ ಸಾಲಿನ ಮುಂದಿನ ಹಲ್ಲು ನೋಯತೊಡಗಿತು. ತುಟಿ ಬನ್ನಿನ ಹಾಗೆ ಊದಿಕೊಂಡು, ಅವಳು ಮೈಕಿನಲ್ಲಿ ಏನು ಹೇಳಿದರೂ ಬಾಯಿ ಮುಕ್ಕಳಿಸಿದಂತೆ ಕೇಳುತ್ತಿತ್ತು. ಜನ ಸಿಕ್ಕ ಬಸ್ಸು ಹತ್ತಿದರು. ಮಗಳ ಮನೆಗೆ ಹೊರಟ ದಂಪತಿ ಯಾರದೋ ಮಗಳ ಮನೆಗೆ ಹೋಗಿ ಊಟ ಮಾಡಿ ಬಂದರು.

ನಿಲ್ದಾಣದ ಮೇಲಧಿಕಾರಿ ಕರೆದು ಹೇಳಿದರು. "ಸೋಮವಾರದೊಳಗೆ ಬಾಯಿ ಸರಿಮಾಡ್ಕೊಳಮ್ಮ. ಇಲ್ಲಾಂದ್ರೆ ಯಂತ್ರ ತರಿಸ್ತೀವಿ. ಅದಕ್ಕೆ ಹಲ್ಲೇ ಇರಲ್ಲ."

ಮನೆಯಲ್ಲಿ ಅತ್ತೆ ಮರುಗಿದರು. "ಪಾಪ, ಎಷ್ಟು ನೋಯ್ತಿದೆಯೋ. ಆದ್ರೂ ಈ ಮನೇಲಿ ಗಡಿಯಾರದ ಸದ್ದು ಕೇಳಿ ನನಗೆ ಎಷ್ಟು ವರ್ಷ ಆಗಿತ್ತು ನೋಡು."

ಮೈಕಮ್ಮ ಸರ್ಕಾರಿ ಹಲ್ಲಿನ ಡಾಕ್ಟರ ಹತ್ತಿರ ಹೋದಳು. ಅವರು ಟಾರ್ಚು ಬಿಟ್ಟು ನೋಡಿ, ಕೈ ಹಿಂದಕ್ಕೆ ಕಟ್ಟಿಕೊಂಡರು.

"ಬುಡ ನಮ್ಮದಮ್ಮ. ಆದ್ರೆ ಹಲ್ಲು ಸೊಟ್ಟಗಿದೆ, ತುದಿ ಕಂಪನಿ ಕಡೆ ವಾಲಿದೆ. ನಾನು ಮುಟ್ಟಿದ್ರೆ ಖಾಸಗಿ ಆಸ್ತಿ ಮುಟ್ಟಿದ ಹಾಗೆ."

"ಬುಡ ಕಿತ್ತರೆ ತುದೀನೂ ಬರುತ್ತಲ್ಲ ಸಾರ್?"

"ಅದೇ ನೋಡಿ ಅಪರಾಧ."

ಕಂಪನಿಯ ಕಚೇರಿ ತಣ್ಣಗಿತ್ತು. ಅಲ್ಲಿನ ಹುಡುಗಿ ಜೇನಿನಂಥ ದನಿಯಲ್ಲಿ, "ನೋವು ಎಲ್ಲಿದೆ ಅಕ್ಕಾ? ಬುಡದಲ್ಲಾ, ತುದೀಲಾ?" ಎಂದಳು.

"ಬುಡದಲ್ಲಿ."

"ಅಯ್ಯೋ. ತುದೀಲಿ ನೋವು ಬಂದಾಗ ಖಂಡಿತ ಬನ್ನಿ. ನಾವು ನಿಮ್ಮ ಜೊತೆಗಿದ್ದೀವಿ."

ಎರಡೂ ಕಡೆಯವರು ಪತ್ರ ಬರೆದುಕೊಂಡ ಮೇಲೆ ನಿಲ್ದಾಣದ ಗೋಡೆಗೆ ಈ ಪ್ರಕಟಣೆ ಅಂಟಿತು: "ಸರ್ಕಾರಿ ಒಸಡಿನಲ್ಲಿ ಹುಟ್ಟಿ ಕಂಪನಿಯ ಗಡಿಯೊಳಕ್ಕೆ ವಾಲಿರುವ ಸದರಿ ಹಲ್ಲು ಒತ್ತುವರಿ ಮಾಡಿರುವುದು ಮೇಲ್ನೋಟಕ್ಕೆ ಕಂಡುಬಂದಿದ್ದು, ಸೋಮವಾರ ಸ್ಥಳದಲ್ಲೇ ಜಂಟಿ ಸರ್ವೆ ನಡೆಯುವುದು. ಅಲ್ಲಿಯವರೆಗೆ ಹಲ್ಲು ಅಲುಗಾಡತಕ್ಕದ್ದಲ್ಲ. ತಕರಾರು ಇರುವವರು ಲಿಖಿತವಾಗಿ ಸಲ್ಲಿಸತಕ್ಕದ್ದು."

ತಕರಾರು ಸಲ್ಲಿಸಿದ್ದು ಅತ್ತೆ ಒಬ್ಬರೇ. ಹಲ್ಲು ಎಲ್ಲಿದ್ದರೂ ತಮ್ಮ ಅಭ್ಯಂತರವಿಲ್ಲ, ಬಾಯಿ ತೆರೆಯುವುದಕ್ಕಷ್ಟೇ ಇದೆ ಎಂದು ಅವರು ಬರೆದಿದ್ದರು. ಅದನ್ನು ಪರಿಶೀಲನೆಗೆ ಇಡಲಾಯಿತು.

ಸೋಮವಾರ ನಿಲ್ದಾಣದಲ್ಲಿ ಮೈಕಮ್ಮ ಬಸ್ಸು ಕೂಗುವ ಕೋಣೆಗೆ ಡಾಕ್ಟರು ಬಂದರು, ಕಂಪನಿಯ ಅಧಿಕಾರಿ ಬಂದರು, ಹೊಲಗದ್ದೆ ಅಳೆಯುವ ಸರ್ವೆಯವನೂ ಬಂದ. ಅವನು ಅವಳ ಬೈತಲೆಯಿಂದ ಗದ್ದಕ್ಕೆ ಗೆರೆ ಎಳೆಯಲು ನೋಡಿ ತಲೆ ಕೆರೆದುಕೊಂಡ.

"ಮೂಗೂ ಸ್ವಲ್ಪ ಎಡಕ್ಕಿದೆ ಸಾರ್. ಅದನ್ನ ಇನ್ನೊಂದು ಸಲ ನೋಡೋಣ."

ಕೊನೆಗೆ ಗಡಿ ಅಳೆಯಲೆಂದು ಹಲ್ಲಿಗೇ ದಾರದ ಗಂಟು ಹಾಕಿ, ಒಂದು ತುದಿ ಡಾಕ್ಟರ ಕೈಗೆ, ಇನ್ನೊಂದು ಅಧಿಕಾರಿಯ ಕೈಗೆ ಕೊಟ್ಟ. ಮೈಕು ಆರಿಸಬೇಕೆಂದು ಯಾರಿಗೂ ನೆನಪಾಗಲಿಲ್ಲ.

"ಸ್ವಲ್ಪ ಸಡಿಲ ಬಿಡಿ ಸಾರ್," ಎಂದರು ಅಧಿಕಾರಿ.

"ಬಿಟ್ರೆ ಜಾಗ ಬಿಟ್ಟುಕೊಟ್ಟ ಹಾಗೆ. ನೀವು ಬಿಡಿ."

"ನಾವು ಬಿಟ್ಟು ಅಭ್ಯಾಸ ಇಲ್ಲ."

ಇಬ್ಬರೂ ಒಟ್ಟಿಗೆ ಹಿಂದಕ್ಕೆ ವಾಲಿದರು. ಹಲ್ಲು ದಾರದ ಜೊತೆ ಹೊರಗೆ ಬಂತು.

"ನಿಮ್ಮಿಬ್ಬರ ಪಾಲೂ ಮಣ್ಣಾಗಿ ಹೋಗ!" ಎಂಬ ಮೈಕಮ್ಮನ ಮಾತು ಎಲ್ಲ ಪ್ಲಾಟ್‌ಫಾರಂಗಳಲ್ಲೂ ಗಂಟೆ ಬಾರಿಸಿದಂತೆ ಕೇಳಿತು. ಚಾಲಕರು ಇಂಜಿನ್ ನಿಲ್ಲಿಸಿ ಕೆಳಗಿಳಿದರು. ಮೇಲಧಿಕಾರಿ ಓಡಿಬಂದು ಅವಳ ಕೈ ಕುಲುಕಿದರು. "ಒಂದಕ್ಷರ ತಪ್ಪಿಲ್ಲ ತಾಯಿ. ಯಂತ್ರಕ್ಕೆ ಇದು ಬರ್ತಿತ್ತಾ?" ಎಂದು ಯಂತ್ರದ ಆಸೆ ಅಲ್ಲಿಗೇ ಬಿಟ್ಟರು.

ಬೆಳಗಿನವರೆಗೆ ಹಲ್ಲು ತಮ್ಮದಲ್ಲ ಎನ್ನುತ್ತಿದ್ದವರು ಮಧ್ಯಾಹ್ನದಿಂದ ಕಿತ್ತದ್ದು ತಾವೇ ಎನ್ನತೊಡಗಿದರು. ಸಭೆಯ ಎರಡೂ ಅರ್ಧಗಳು ಮೊದಲ ಸಲ ಒಟ್ಟಿಗೆ ಮೇಜು ಕುಟ್ಟಿದವು. ನಡುಗೆರೆಯ ಕಾಯಿಲೆಗಳಿಗೆಲ್ಲ ಇನ್ನು ದಾರದ ಚಿಕಿತ್ಸೆಯೇ ಎಂದು ನಿಯಮವಾಯಿತು. ಕಾಯಿಲೆ ಯಾವುದೇ ಇರಲಿ, ದಾರ ಕಟ್ಟತಕ್ಕದ್ದು, ಎರಡೂ ಕಡೆಯಿಂದ ಎಳೆಯತಕ್ಕದ್ದು.

ಮಾರನೇ ವಾರ ಅತ್ತೆಗೆ ಹೊಕ್ಕುಳ ಸುತ್ತ ನೋವು ಬಂತು. ನಿಯಮ ಬಲ್ಲ ಸೊಸೆ ಕೂಡಲೇ ಎರಡೂ ಕಡೆಗೆ ತಿಳಿಸಿದಳು. ಡಾಕ್ಟರು, ಅಧಿಕಾರಿ ಇಬ್ಬರೂ ಹೊಸ ದಾರದ ಉಂಡೆ ಹಿಡಿದು ಬಾಗಿಲಲ್ಲಿ ನಿಂತರು.

"ಎಲ್ಲಿಗೆ ಕಟ್ಟೋಣಮ್ಮ?"

ಅತ್ತೆ ದಾರ ನೋಡಿದರು, ಸೊಸೆಯ ಹಲ್ಲಿನ ಸಂದಿ ನೋಡಿದರು. ಎದ್ದು ಸೆರಗು ಕೊಡವಿದರು. "ಯಾರಪ್ಪ ನೋವು ಅಂದಿದ್ದು? ಗುಂಡುಕಲ್ಲಿನ ಹಾಗಿದೀನಿ."

ಗುಣವಾಯಿತು ಎಂದು ಇಬ್ಬರೂ ಬರೆದುಕೊಂಡು ಹೋದರು.

ಅಂದಿನಿಂದ ಈ ನಾಡಿನಲ್ಲಿ ನಡುಗೆರೆಯ ಮೇಲೆ ಯಾರಿಗೂ ಕಾಯಿಲೆ ಬಂದಿಲ್ಲ. ಯೋಜನೆಯ ಯಶಸ್ಸು ನೋಡಲು ಹೊರನಾಡಿನವರೂ ಬಂದು ಹೋಗುತ್ತಿದ್ದಾರೆ. ಮೂಗು ಸೋರಿದವರು ಬಲದ ಹೊಳ್ಳೆ ಸೋರುತ್ತಿದೆ ಎನ್ನುತ್ತಾರೆ; ಬಿಕ್ಕಳಿಕೆ ಬಂದವರು ಕದ್ದು ಬಿಕ್ಕುತ್ತಾರೆ. ಮೈಕಮ್ಮ ಹಲ್ಲಿನ ಸಂದಿಯಲ್ಲಿ ಸಣ್ಣಗೆ ಸಿಳ್ಳೆ ಹೊರಡಿಸುತ್ತಾ, ಬಸ್ಸು ಬಸ್ಸಿನ ನಡುವೆ ಕೂಗುತ್ತಾಳೆ: "ಪ್ರಯಾಣಿಕರ ಗಮನಕ್ಕೆ. ನಡುಗೆರೆಯಲ್ಲಿ ನೋವಿರುವವರು ಚಿಕಿತ್ಸೆಗೆ ಬರುವಾಗ ತಮ್ಮ ದಾರ ತಾವೇ ತರತಕ್ಕದ್ದು."

ಬೆಂಚುಗಳ ಮೇಲೆ ಕೂತವರು ಒಮ್ಮೆ ಮೈ ನೆಟ್ಟಗೆ ಮಾಡಿಕೊಂಡು, ಏನೂ ನೋವಿಲ್ಲದವರ ಹಾಗೆ ಬಸ್ಸು ಬರುವ ದಿಕ್ಕಿಗೆ ನೋಡುತ್ತಾರೆ.