ಎಂ.ಎಸ್ಸಿ. ಓದಿ ಕಿತ್ತ ಮದ್ದು ಸೊಪ್ಪು

ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನಿಗೆ ಹೆದ್ದಾರಿ ಬದಿಯ ಒಂದು ಸೊಪ್ಪು ಕಿತ್ತು ತರುವುದು ಯಾವ ಮಹಾ ಕೆಲಸ? ಇಲ್ಲಿನ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟರ ಬೆಳಗ್ಗೆ ನಾನು ಹೀಗೆ ಮನಸ್ಸಿನಲ್ಲೇ ಅಂದುಕೊಂಡೆನೆಂದು ನನ್ನ ನೆನಪು. ಜೋರಾಗಿಯೇ ಹೇಳಿದೆನೆಂದು ನನ್ನ ಹೆಂಡತಿ ಶೈಲಾಳ ನೆನಪು. ಅವಳದೇ ಸರಿಯಿರಬೇಕು.

ನಾವು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದವರು. ಈಗ ಕೆಲಸದ ನಿಮಿತ್ತ ಮೂರ್ನಾಡಿನಲ್ಲಿ ಮುತ್ತಮ್ಮ ಆಂಟಿಯ ಮನೆಯ ಕೆಳಭಾಗದಲ್ಲಿ ಬಾಡಿಗೆಗಿದ್ದೇವೆ. ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆಂದು ಇಲ್ಲಿನವರ ನಂಬಿಕೆ. ಕುದಿಸಿದರೆ ನೀರು ಕಡು ನೇರಳೆಯಾಗುತ್ತದೆ. ಆ ನೀರಿನಲ್ಲಿ ಪಾಯಸ ಮಾಡುತ್ತಾರೆ. ಎಪ್ಪತ್ತೆಂಟರ ಆಂಟಿ ಒಂದು ವರ್ಷವೂ ಆ ಪಾಯಸ ತಪ್ಪಿಸಿದವರಲ್ಲ, ಸೊಪ್ಪನ್ನು ತಾವೇ ಕೊಯ್ದು ತರುತ್ತಿದ್ದರು. ಈ ಸಲ ಕಾಲಿಗೆ ಪ್ಲಾಸ್ಟರ್.

“ನೀನು ಗಿಡದ್ದೇ ಓದಿದವ ಅಲ್ವ ಮಗಾ, ನೀನೇ ತಾ. ನಾಳೆ ತಂದ್ರೆ ಅದು ಬರೀ ಸೊಪ್ಪು, ಮದ್ದಲ್ಲ” ಎಂದರು.

“ರೀ, ಮೊನ್ನೆ ಕೊತ್ತಂಬರಿ ಅಂತ ಸಬ್ಬಸಿಗೆ ತಂದಿದ್ರಿ” ಎಂದಳು ಶೈಲಾ.

“ಅದು ತರಕಾರಿ ಅಂಗಡಿ. ಇದು ವಿಜ್ಞಾನ!”

ಹೋದ ವರ್ಷ ಆಂಟಿಯ ಜೊತೆ ಹೋದಾಗ ದಿನಚರಿಯಲ್ಲಿ ಬರೆದಿಟ್ಟಿದ್ದೆ: ‘ಮಡಿಕೇರಿ ರಸ್ತೆ, ಮೂರನೇ ತಿರುವು, ಎಡಗಡೆ.’ ಹೋಗುವಾಗ ಎಡವೋ, ಬರುವಾಗ ಎಡವೋ, ಅದನ್ನು ಬರೆದಿರಲಿಲ್ಲ! ಹೋಗುವಾಗಿನದೇ ಇರಬೇಕೆಂದು ತೀರ್ಮಾನಿಸಿ ಸ್ಕೂಟರ್ ನಿಲ್ಲಿಸಿದೆ. ಚರಂಡಿಯಾಚೆ ಸೊಂಪಾದ ಪೊದೆ. ಎದುರುಬದುರು ಎಲೆ, ನೀಳ ತುದಿ, ಗೆಣ್ಣುಗೆಣ್ಣಾದ ಕಾಂಡ. ಮದ್ದು ಸೊಪ್ಪಿನ ಲ್ಯಾಟಿನ್ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಗಿಡ ನಿರಾಕರಿಸಲಿಲ್ಲ.

ಎರಡು ಚೀಲ ತುಂಬುವಷ್ಟರಲ್ಲಿ ನಾಲ್ಕು ಜಿಗಣೆ ಹತ್ತಿದ್ದವು. ಆಗ ಒಂದು ಜೀಪು ನಿಂತಿತು. ತೋಟದ ಕೆಲಸದವರನ್ನು ಬಿಟ್ಟು ಬರುವ ಬೆಳ್ಯಪ್ಪ, ನಮ್ಮ ಬೀದಿಯವನೇ, ನನಗಿಂತ ಕಿರಿಯ.

“ಎಂತ ಸಾರ್, ದನ ಕಟ್ಟಿದ್ದೀರ?”

“ಮದ್ದು ಸೊಪ್ಪು, ಬೆಳ್ಯಪ್ಪ.”

“ಇದಾ?”

ಒಂದೇ ಶಬ್ದ. ನಾನು ಅಲ್ಲಿಗೇ ಎಚ್ಚೆತ್ತುಕೊಳ್ಳಬಹುದಿತ್ತು. ಬದಲಿಗೆ ಪಾಠ ಶುರುಮಾಡಿದೆ. ಎಲೆಗಳ ಜೋಡಣೆ, ಗೆಣ್ಣಿನ ಉಬ್ಬು, ಗಿಡದ ಕುಲಗೋತ್ರ, ಎಲ್ಲಾ ಸೇರಿ ಕಾಲು ಗಂಟೆ! ಬೆಳ್ಯಪ್ಪ ಇಂಜಿನ್ ಆರಿಸಿ ಕೇಳಿದ. ಕೊನೆಗೆ “ಓದಿದವರು ಹೇಳಿದ ಮೇಲೆ ಮುಗೀತು” ಎಂದು ತಾನೂ ಒಂದು ಹಿಡಿ ಕೇಳಿ ಪಡೆದು ಹೋದ. ಊರಿನವನಿಗೇ ಊರ ಗಿಡದ ಪರಿಚಯ ಮಾಡಿಕೊಟ್ಟ ಹೆಮ್ಮೆಯಲ್ಲಿ ಮನೆಗೆ ಬಂದೆ.

ಕುದಿಸಿದೆವು. ಹತ್ತು ನಿಮಿಷಕ್ಕೆ ನೀರು ಹಸಿರು. ಇಪ್ಪತ್ತು ನಿಮಿಷಕ್ಕೂ ಹಸಿರು.

“ರೀ, ನೇರಳೆ ಯಾವಾಗ?”

“ರಾಸಾಯನಿಕ ಕ್ರಿಯೆಗೆ ಸಮಯ ಬೇಕು ಕಣೆ.”

ಅರ್ಧ ಗಂಟೆಯಾದರೂ ಬಣ್ಣ ಬದಲಾಗಲಿಲ್ಲ. ವಾಸನೆ ಬದಲಾಯಿತು. ಅದು ಮಹಡಿಗೂ ಮುಟ್ಟಿ, ಆಂಟಿ ಒಂದು ಎಲೆ ತರಿಸಿಕೊಂಡರು. ಮೂಸಿದರು. ನನ್ನ ಮುಖ ನೋಡಿದರು.

“ಇದು ಹಿಂದೆ ನಾವು ಹಂದಿಗೆ ಬೇಯಿಸ್ತಿದ್ದ ಸೊಪ್ಪು ಮಗಾ. ಹಂದಿಗೆ ಒಳ್ಳೇದು.”

ನಕ್ಕಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ನಗಲಿಲ್ಲ. ಪಕ್ಕದಲ್ಲಿ ಕೆರೆದಿಟ್ಟ ಬೆಲ್ಲವಿತ್ತು, ಹಿಂಡಿಟ್ಟ ತೆಂಗಿನ ಹಾಲಿತ್ತು. ಎರಡನ್ನೂ ಮುಚ್ಚುತ್ತಾ, “ಇರ್ಲಿ ಬಿಡು, ಒಂದು ವರ್ಷ ತಪ್ಪಿದ್ರೆ ಎಂತ ಆಗ್ತದೆ” ಎಂದರು.

ಆಗ ಬೆಳ್ಯಪ್ಪನ ನೆನಪಾಯಿತು. ಅಯ್ಯೋ, ಅವನ ಮನೆಯಲ್ಲೂ ಇದೇ ಕುದಿಯುತ್ತಿರಬೇಕು! ಜೀಪ್ ಸ್ಟ್ಯಾಂಡಿಗೆ ಸ್ಕೂಟರ್ ಓಡಿಸಿದೆ. ಅವನು ಟೀ ಕುಡಿಯುತ್ತಿದ್ದ.

“ಬೆಳ್ಯಪ್ಪ, ಆ ಸೊಪ್ಪು ಬೇಯಿಸಬೇಡ!”

“ಬೇಯಿಸೋದಾ? ತಿರುವು ದಾಟಿದ ಕೂಡ್ಲೇ ಬಿಸಾಡ್ದೆ ಸಾರ್.”

“ಗೊತ್ತಿತ್ತಾ? ಮತ್ತೆ ಯಾಕೆ ತಗೊಂಡೆ?”

“ಅಷ್ಟು ಚಂದ ಪಾಠ ಮಾಡಿದ್ರಿ. ಬೇಡ ಅಂದ್ರೆ ನಿಮಗೆ ಬೇಜಾರಾಗ್ತಿತ್ತು.” ಸೀಟಿನ ಹಿಂದಿನಿಂದ ಒಂದು ಕಟ್ಟು ಎಳೆದ. “ಇಕೊಳ್ಳಿ, ಸರಿಯಾದ್ದು. ನಿಮ್ಮ ಬೆನ್ನ ಹಿಂದೇನೇ ಇತ್ತು, ರಸ್ತೆಯ ಆಚೆ ಬದಿ. ಆಮೇಲೆ ಹೋಗಿ ಕೊಯ್ದೆ. ಆಂಟಿಗೆ ತಪ್ಪಬಾರ್ದಲ್ಲ.”

ಅಂದು ರಾತ್ರಿ ದಿನಚರಿ ಬರೆಯುವಾಗ ಪೆನ್ನು ಅವನ ‘ಬಿಸಾಡ್ದೆ’ ಎಂಬ ಮಾತಿನ ಬಳಿ ನಿಂತುಬಿಟ್ಟಿತು. ನನಗೆ ಗೊತ್ತಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಹೇಳಲು ನಾನು ಸಂದು ಕೊಡಲಿಲ್ಲ. ಇಷ್ಟು ವರ್ಷಗಳಲ್ಲಿ ಎಷ್ಟು ಜನ ಹೀಗೆ ತಲೆಯಾಡಿಸಿ ನನ್ನ ಮಾತು ಕೇಳಿ, ತಿರುವು ದಾಟಿದ ಮೇಲೆ ಬಿಸಾಡಿರಬಹುದು? ಅವರೆಲ್ಲ ಒಪ್ಪಿದರೆಂದೇ ನಾನು ನೆನಪಿಟ್ಟುಕೊಂಡಿದ್ದೇನೆ.

ಬೆಳ್ಯಪ್ಪ ಕೊಟ್ಟ ಸೊಪ್ಪು ಕುದಿ ಬಂದದ್ದೇ ತಡ, ನೀರು ನೇರಳೆಯಾಗಿತ್ತು. ಆಂಟಿ ಎರಡು ಬಟ್ಟಲು ಪಾಯಸ ತಿಂದರು. ನನಗೂ ಬಡಿಸಿದರು, ಬೈಗುಳವಿಲ್ಲದೆ.

ಈ ಸೊಪ್ಪಿಗೆ ಇನ್ನೊಂದು ಗುಣವಿದೆ. ತಿಂದವರ ಮೂತ್ರ ಮರುದಿನ ಕೆಂಪಾಗುತ್ತದೆ. ಅಸಲಿ ಮದ್ದು ಸೊಪ್ಪಿಗೆ ಅದೇ ಸಾಕ್ಷಿ. ಬೆಳಗ್ಗೆ ನನ್ನದೂ ಕೆಂಪಾಗಿತ್ತು. ಕೊನೆಗೂ ಆ ಗಿಡವನ್ನು ನಾನು ಯಾರ ಸಹಾಯವೂ ಇಲ್ಲದೆ, ಒಂದಿಷ್ಟೂ ಅನುಮಾನವಿಲ್ಲದೆ ಗುರುತಿಸಿದೆ.

ಬಚ್ಚಲಿನಲ್ಲಿ!